ಹೊಳೆಗೊಂದು ಅಳತೆ

ಜೂನ್ ತಿಂಗಳು ಬಂತೆಂದರೆ ಜಯನಗರ ನಾಲ್ಕನೆಯ ಬ್ಲಾಕಿನ ದರ್ಜಿಗಳಿಗೆ ತಲೆಯೆತ್ತಲು ಪುರುಸೊತ್ತಿರುವುದಿಲ್ಲ. ಶಾಲೆ ಶುರುವಾಗಿರುತ್ತದೆ, ಸಮವಸ್ತ್ರ ಮಾತ್ರ ಇನ್ನೂ ಹೊಲಿಗೆಯಂತ್ರದ ಮೇಲಿರುತ್ತದೆ. ಒಂದು ಸಂಜೆ ಇಂಥದೇ ಒಂದು ಅಂಗಡಿಯ ಮುಂದೆ ಬನಶಂಕರಿ ಎರಡನೆಯ ಹಂತದ ತಾಯಿ, ಮಗಳು ನಿಂತಿದ್ದರು. ಮಗಳು ಒಂಬತ್ತನೆಯ ತರಗತಿಗೆ ಬಂದಿದ್ದಾಳೆ. ತಾಯಿಗೆ ಮಳೆ ಬರುವ ಮೊದಲು ಮನೆ ಸೇರುವ ಆತುರ.

"ಹೋದ ವರ್ಷದ ಅಳತೆ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಅದಕ್ಕೇ ಎರಡಿಂಚು ಸೇರಿಸಿ ಹೊಲಿದುಬಿಡಿ" ಎಂದರು ತಾಯಿ.

ದರ್ಜಿ ಒಪ್ಪಲಿಲ್ಲ. "ಬೇಡಮ್ಮ. ಬಟ್ಟೆ ಇಡೀ ಸ್ಕೂಲಿಗೆ ಒಂದೇ, ಸರಿ. ಅಳತೆ ಒಂದೇ ಅಲ್ವಲ್ಲ. ಮಗು ಎರಡು ನಿಮಿಷ ನಿಲ್ಲಲಿ" ಎಂದು ಕೊರಳಲ್ಲಿದ್ದ ಟೇಪು ತೆಗೆದರು.

ಆ ಮಾತು ಹುಡುಗಿಯ ಕಿವಿಯಲ್ಲಿ ಹೇಗೋ ಉಳಿದುಕೊಂಡಿತು. ಅದು ಉಪಯೋಗಕ್ಕೆ ಬಂದದ್ದು ತಿಂಗಳ ನಂತರ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ 'ನಮ್ಮ ನದಿಗಳ ನೀರು' ಎಂಬ ವಿಷಯ ಕೊಟ್ಟಾಗ. ತರಗತಿಯ ಮುಕ್ಕಾಲು ಮಕ್ಕಳು ಕಾವೇರಿಯನ್ನು ಹಿಡಿದರು, ಉಳಿದವರು ವೃಷಭಾವತಿಯನ್ನು. ಈ ಹುಡುಗಿ ಭದ್ರೆ ಎಂದು ಬರೆಸಿ ಬಂದಳು. ಕಾರಣ ದೊಡ್ಡದೇನಲ್ಲ. ಅವಳ ಅಜ್ಜನ ಊರು ಕಳಸದ ಕಡೆ, ಭದ್ರೆಯ ದಂಡೆಯಲ್ಲಿದೆ.

"ಅಜ್ಜ, ಭದ್ರಾ ನೀರು ಶುದ್ಧವಾಗಿದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳು" ಎಂದಳು ರಾತ್ರಿ ಊಟಕ್ಕೆ ಕೂತಾಗ.

ಅಜ್ಜ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂದೇ ಮಾತಲ್ಲಿ ಹೇಳೋಕೆ ಹೋಗಿಯೇ ಕೆಟ್ಟದ್ದು, ಪುಟ್ಟಿ" ಎಂದಷ್ಟೇ ಹೇಳಿ ಎದ್ದು ಕೈ ತೊಳೆದರು. ಸೊಸೆ ಮಗಳಿಗೆ ಕಣ್ಣಲ್ಲೇ ಸುಮ್ಮನಿರುವಂತೆ ಸನ್ನೆ ಮಾಡಿದರು. ಆ ಮನೆಯಲ್ಲಿ ಎಲ್ಲ ನದಿಗಳ ಹೆಸರೂ ಬರುತ್ತದೆ, ಭದ್ರೆಯ ಹೆಸರು ಮಾತ್ರ ಬರುವುದಿಲ್ಲ. ಹುಡುಗಿಗೆ ಅದು ಗೊತ್ತಾದದ್ದು ಅಂದೇ.

ಭದ್ರೆ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ತುಂಗೆ, ನೇತ್ರಾವತಿಯರ ತವರೂ ಅದೇ ವರಾಹಪರ್ವತ. ಅಲ್ಲಿ ವರ್ಷಕ್ಕೆ 6000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ನಾವು ಆರು ವರ್ಷದಲ್ಲಿ ಕಾಣುವ ಮಳೆಯನ್ನು ಆ ಗುಡ್ಡಗಳು ಒಂದೇ ವರ್ಷದಲ್ಲಿ ಕಾಣುತ್ತವೆ, ಅದರಲ್ಲೂ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ. ಶೋಲಾ ಕಾಡು ಮತ್ತು ಹುಲ್ಲುಗಾವಲು ಹೊದ್ದ ಗುಡ್ಡ ಈ ಮಳೆಯನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೊದಿಕೆ ತೆಗೆದ ಗುಡ್ಡ ಅದನ್ನು ಮಣ್ಣಿನ ಸಮೇತ ಕೆಳಗೆ ಕಳಿಸುತ್ತದೆ.

ಆ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಮ್ಯಾಗ್ನಟೈಟ್ ಎಂಬ ಜಾತಿಯದು, ಅಯಸ್ಕಾಂತಕ್ಕೆ ಅಂಟುವಂಥದು. ಅದನ್ನು ತೆಗೆಯುವುದಕ್ಕಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಮೊದಲು ಇರಾನ್ ದೇಶದ ಹಣದ ಒಪ್ಪಂದವಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಇರಾನ್ ಹಿಂದೆ ಸರಿಯಿತು, ಆದರೂ ಗಣಿ ನಿಲ್ಲಲಿಲ್ಲ. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರು ತಯಾರಿಸುವ ಸಾಮರ್ಥ್ಯ ಅದಕ್ಕಿತ್ತು. ಒಂದು ಟನ್ ಹೀಗೆ ಸಿಗಬೇಕಾದರೆ ಸುಮಾರು ಮೂರು ಟನ್ ಕಲ್ಲು ಅರೆಯಬೇಕು. ಉಳಿದ ಎರಡು ಟನ್ ನುಣ್ಣನೆಯ ಕೆಸರಿಗೆಂದು ಭದ್ರೆಯ ಉಪಹೊಳೆಯಾದ ಲಕ್ಯಾಕ್ಕೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು.

ಗಣಿ ಬಂದದ್ದರಿಂದ ಕಾಡಿನ ನಡುವೆ ಒಂದು ಊರೇ ಎದ್ದಿತು. ಶಾಲೆ, ಆಸ್ಪತ್ರೆ, ಬಸ್ಸು ಬಂದವು. ಅಜ್ಜ ಅಷ್ಟರಲ್ಲಿ ಅಂಚೆ ಇಲಾಖೆಯ ಕೆಲಸ ಹಿಡಿದು ಬೆಂಗಳೂರು ಸೇರಿದ್ದರು. ಅವರ ತಮ್ಮ ಊರಲ್ಲೇ ಉಳಿದು ಗಣಿ ಊರಿನ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದರು. ಇಬ್ಬರ ಮಕ್ಕಳೂ ಓದಿದ್ದು ಆ ಎರಡು ಸಂಬಳಗಳಿಂದ.

1987ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಗಣಿ ಗುತ್ತಿಗೆಯ 30 ವರ್ಷದ ಅವಧಿ 1999ಕ್ಕೆ ಮುಗಿಯಿತು. ಮುಂದುವರಿಸಬೇಕೇ ಬೇಡವೇ ಎಂಬ ವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಯ ಹೊತ್ತಿಗೆ ಗಣಿಗಾರಿಕೆ ನಿಲ್ಲಬೇಕು. ಭದ್ರೆಗೆ ಬೀಳುವ ಹೂಳು ಆ ವಾದದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು.

ತೀರ್ಪು ಬಂದ ವಾರದಲ್ಲೇ ದೀಪಾವಳಿ. ಅಜ್ಜ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಜಗಲಿಯ ಮೇಲೆ ಪತ್ರಿಕೆ ಬಿದ್ದಿತ್ತು.

"ಅಂತೂ ಹೊಳೆ ಉಳೀತು" ಎಂದರು ಅಣ್ಣ.

"ಹೊಳೆ ಉಳೀತು. ನಾನೆಲ್ಲಿ ಉಳೀಲಿ ಅಣ್ಣಯ್ಯ?" ಎಂದರು ತಮ್ಮ.

ಮಾತಿಗೆ ಮಾತು ಬೆಳೆಯಿತು. ತಮ್ಮ ನೀರಿನ ಪರೀಕ್ಷೆಯ ಅಂಕಿಗಳನ್ನು ಎತ್ತಿದರು. ಆಮ್ಲಜನಕ ಸರಿಯಿದೆ, ಹುಳಿ-ಕ್ಷಾರದ ಅಂಕಿ ಸರಿಯಿದೆ, ಎಲ್ಲ ಮಿತಿಯೊಳಗೇ ಇದೆ ಎಂದು ಓದಿದ್ದೇನೆ, ಬೆಂಗಳೂರಲ್ಲಿ ಕೂತವನಿಗೇನು ಗೊತ್ತು ಎಂದರು. ಅಣ್ಣ ಬಿಡಲಿಲ್ಲ. ಆಟಿ ತಿಂಗಳಲ್ಲಿ ಹೊಳೆಯ ಬಣ್ಣ ನೋಡಲಿಕ್ಕೆ ಕಣ್ಣಿದ್ದರೆ ಸಾಕು, ಅದಕ್ಕೆ ಅಂಕಿ ಯಾಕೋ ಎಂದರು. ಸುಳ್ಳ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಈಗ ಇಬ್ಬರಿಗೂ ನೆನಪಿಲ್ಲ. ಅಂದಿನಿಂದ ಮದುವೆ ಮುಂಜಿಗಳಲ್ಲಿ ಭೇಟಿಯಾಗುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ. ಭದ್ರೆಯ ಮಾತು ಬಂದರೆ ಒಬ್ಬರು ಎದ್ದು ಹೋಗುತ್ತಾರೆ.

ಇದನ್ನೆಲ್ಲ ಹುಡುಗಿಗೆ ಹೇಳಿದ್ದು ಅವಳ ತಾಯಿ, ಅಜ್ಜ ಮಲಗಿದ ಮೇಲೆ. ಕೇಳಿದ ಹುಡುಗಿ ಬೇರೆಯವರಾದರೆ ಕೇಳದ ಒಂದು ಪ್ರಶ್ನೆ ಕೇಳಿದಳು. "ಅಮ್ಮಾ, ಇಬ್ಬರೂ ಹೇಳಿದ್ದು ನಿಜವೇ ಆಗಿದ್ದರೆ?"

ಮರುದಿನ ಅವಳು ಅಂಕಿಗಳ ಬೆನ್ನು ಹತ್ತಿದಳು. ನಮ್ಮ ದೇಶದಲ್ಲಿ ನದಿಯ ನೀರನ್ನು ಅದರ ಬಳಕೆಗೆ ತಕ್ಕಂತೆ ಐದು ವರ್ಗ ಮಾಡಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಈ ವರ್ಗೀಕರಣದಲ್ಲಿ 'ಎ' ಎಂದರೆ ರೋಗಾಣು ನಿವಾರಿಸಿದರೆ ಸಾಕು, ಕುಡಿಯಬಹುದು. 'ಬಿ' ಎಂದರೆ ಸ್ನಾನಕ್ಕೆ ಯೋಗ್ಯ. 'ಸಿ' ಎಂದರೆ ಸೋಸಿ ಶುದ್ಧೀಕರಿಸಿ ಕುಡಿಯಬಹುದು. 'ಡಿ' ಮೀನು ಮತ್ತು ಕಾಡುಪ್ರಾಣಿಗಳಿಗೆ, 'ಇ' ಬೇಸಾಯಕ್ಕೆ. ಪ್ರತಿ ವರ್ಗಕ್ಕೂ ಒಂದಿಷ್ಟು ಅಂಕಿಗಳಿವೆ. ಉದಾಹರಣೆಗೆ 'ಎ' ವರ್ಗದ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಆಮ್ಲಜನಕ ಕರಗಿರಬೇಕು. 'ಡಿ' ವರ್ಗಕ್ಕೆ 4 ಮಿಲಿಗ್ರಾಂ ಸಾಕು. ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯ ಇಷ್ಟರೊಳಗಿರಬೇಕು, ಪಿ.ಎಚ್. ಇಷ್ಟರಿಂದ ಇಷ್ಟರೊಳಗಿರಬೇಕು, ಹೀಗೆ.

ಹುಡುಗಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಐದೂ ವರ್ಗ ಮುಗಿದವು. ಮತ್ತೊಮ್ಮೆ ಮೊದಲಿಂದ ಓದಿದಳು.

"ಅಜ್ಜ, ಇದರಲ್ಲಿ ಕದಡು ಅನ್ನೋ ಕಾಲಮ್ಮೇ ಇಲ್ಲ!"

ಅಜ್ಜ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ನಿಜ. ನೀರಿನಲ್ಲಿ ಮಣ್ಣಿನ ಕಣ ಎಷ್ಟು ತೇಲುತ್ತಿರಬಹುದು ಎಂಬುದಕ್ಕೆ ಆ ಐದು ವರ್ಗಗಳಲ್ಲಿ ಒಂದು ಅಂಕಿಯೂ ಇಲ್ಲ. ಆ ವರ್ಗಗಳು ಮುಖ್ಯವಾಗಿ ಊರಿನ ಚರಂಡಿ ನದಿಗೆ ಸೇರುವ ತೊಂದರೆಯನ್ನು ಹಿಡಿಯಬಲ್ಲ ಅಳತೆಗಳು. ಕೊಳೆ ಸೇರಿದರೆ ಬ್ಯಾಕ್ಟೀರಿಯ ಹೆಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ. ಕೆಮ್ಮಣ್ಣು ಸೇರಿದರೆ? ಘಟ್ಟದ ಹೊಳೆ ಬಂಡೆಯಿಂದ ಬಂಡೆಗೆ ಧುಮುಕುತ್ತ ಗಾಳಿಯನ್ನು ಕಲಸಿಕೊಂಡು ಹರಿಯುತ್ತದೆ. ಎಷ್ಟು ಕೆಂಪಾದರೂ ಆಮ್ಲಜನಕಕ್ಕೆ ಅದರಲ್ಲಿ ಕೊರತೆ ಕಾಣದಿರಬಹುದು. ನೀರು ಕೆಂಪಗೆ ಹರಿಯುತ್ತಿರುವಾಗಲೂ ತಖ್ತೆಯಲ್ಲಿ ಎಲ್ಲ ಸರಿಯಾಗಿಯೇ ಇರಲು ಸಾಧ್ಯ.

ಹಾಗಾದರೆ ಮಣ್ಣಿಗೆ ಮಿತಿಯೇ ಇಲ್ಲವೇ? ಇದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕದಡಿಗೆ ಮಿತಿಯಿದೆ, ಆದರೆ ಅದು ನಲ್ಲಿಯಲ್ಲಿ ಬರುವ ನೀರಿಗೆ. ಕಾರ್ಖಾನೆಯಿಂದ ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಮೀರಿ ತೇಲುವ ಕಣ ಇರಬಾರದೆಂಬ ಸಾಮಾನ್ಯ ನಿಯಮವಿದೆ, ಅದು ಕೊಳವೆಯ ಬಾಯಿಗೆ. ತೆರೆದ ಗಣಿಯ ಗುಡ್ಡಕ್ಕೆ ಕೊಳವೆಯೆಲ್ಲಿದೆ? ಮಳೆ ಬಿದ್ದಾಗ ಇಡೀ ಇಳಿಜಾರೇ ಸೋರುತ್ತದೆ. ನಲ್ಲಿಗೊಂದು ಮಾನದಂಡ, ಕೊಳವೆಗೊಂದು ಮಾನದಂಡ ಇಟ್ಟು, ನಡುವೆ ಹರಿಯುವ ಹೊಳೆಯನ್ನು ನಾವು ಮರೆತಂತಾಯಿತು.

ಇನ್ನೊಂದು ತೊಡಕು ಸರಾಸರಿಯದು. ಹುಡುಗಿ ಗಣಿತದ ಪುಸ್ತಕದ ಹಿಂದೆ ಒಂದು ಕಾಲ್ಪನಿಕ ಲೆಕ್ಕ ಹಾಕಿದಳು. ಓದುವ ಮಕ್ಕಳೂ ಹಾಕಿ ನೋಡಬಹುದು. ತಿಂಗಳಲ್ಲಿ 27 ದಿನ ಹೊಳೆ ತಿಳಿಯಾಗಿದೆ, ಲೀಟರಿಗೆ 10 ಮಿಲಿಗ್ರಾಂ ಮಣ್ಣು. ಉಳಿದ 3 ದಿನ ಜಡಿಮಳೆ, ಲೀಟರಿಗೆ 1000 ಮಿಲಿಗ್ರಾಂ. ಮಳೆಯ ದಿನ ಹರಿವು 20 ಪಟ್ಟು ಹೆಚ್ಚು. ತಿಂಗಳಿಗೊಮ್ಮೆ ಬಂದು, ಅದೂ ರಸ್ತೆ ಚೆನ್ನಾಗಿರುವ ದಿನ ನೋಡಿ, ಒಂದು ಬಾಟಲಿ ತುಂಬಿಕೊಂಡು ಹೋದರೆ ಸಿಗುವ ಅಂಕಿ 10. ಆದರೆ ಹೊಳೆ ಹೊತ್ತ ಒಟ್ಟು ಮಣ್ಣಿನ ಲೆಕ್ಕವೇ ಬೇರೆ. 27 ದಿನದ್ದು 27×10, ಅಂದರೆ 270 ಪಾಲು. 3 ದಿನದ್ದು 3×20×1000, ಅಂದರೆ 60,000 ಪಾಲು. ನೂರಕ್ಕೆ 99ಕ್ಕೂ ಹೆಚ್ಚು ಮಣ್ಣು ಆ ಮೂರು ದಿನದಲ್ಲೇ ಇಳಿದುಹೋಯಿತು!

ಘಟ್ಟದ ಹೊಳೆಗಳು ನಿಜಕ್ಕೂ ಹೀಗೆಯೇ ನಡೆದುಕೊಳ್ಳುತ್ತವೆ. ಆದ್ದರಿಂದಲೇ ಕುದುರೆಮುಖದ ಹೊಳೆಗಳಲ್ಲಿ ತೇಲುವ ಹೂಳಿನ ಮೇಲೆ ಗಣಿಯ ಪರಿಣಾಮವನ್ನು ಅಧ್ಯಯನ ಮಾಡಿ, 2006ರಲ್ಲಿ ಪ್ರಬಂಧ ಪ್ರಕಟಿಸಿದ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮಳೆ, ಹರಿವು, ಹೂಳು ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕಾಯಿತು. ಗಣಿಯಿದ್ದ ಭಾಗ ತನ್ನ ವಿಸ್ತೀರ್ಣಕ್ಕೆ ಮೀರಿದ ಪಾಲು ಹೂಳನ್ನು ಹೊಳೆಗೆ ಕೊಡುತ್ತಿತ್ತೆಂದು ಅಂಥ ಅಳತೆಯಿಂದ ಕಾಣಬಹುದಾಯಿತು. ತಿಂಗಳಿಗೊಂದು ಬಾಟಲಿಯಿಂದ ಅದು ಕಾಣುತ್ತಿರಲಿಲ್ಲ.

ಹುಡುಗಿಗೆ ದರ್ಜಿಯ ಮಾತು ನೆನಪಾದದ್ದು ಈ ಹೊತ್ತಿನಲ್ಲಿ. ಬಟ್ಟೆ ಒಂದೇ, ಅಳತೆ ಒಂದೇ ಅಲ್ಲ. ಹೊಳೆಗೂ ಹಾಗೆ ಅಳತೆ ತೆಗೆದು ಮಾನದಂಡ ಮಾಡಬಾರದೇಕೆ?

ನಮ್ಮ ಕಾನೂನು ಇದನ್ನು ಐವತ್ತು ವರ್ಷದ ಹಿಂದೆಯೇ ಯೋಚಿಸಿತ್ತು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. 1974ರ ಜಲ ಮಾಲಿನ್ಯ ಕಾಯಿದೆಯ 16ನೆಯ ಕಲಮಿನಲ್ಲಿ, ಹೊಳೆ ಮತ್ತು ಬಾವಿಗಳಿಗೆ ಮಾನದಂಡ ಗೊತ್ತುಪಡಿಸುವಾಗ ಬೇರೆ ಬೇರೆ ಹೊಳೆಗೆ ಬೇರೆ ಬೇರೆ ಮಾನದಂಡ ಇಡಬಹುದು, ಒಂದೇ ಹೊಳೆಗೂ ಬೇರೆ ಬೇರೆ ಮಾನದಂಡ ಇಡಬಹುದು ಎಂದಿದೆ. ಹಾಗೆ ಇಡುವಾಗ ನೋಡಬೇಕಾದ ಸಂಗತಿಗಳು ಮೂರು: ನೀರಿನ ಗುಣ, ಹರಿವಿನ ಸ್ವಭಾವ, ಜನ ಅದನ್ನು ಬಳಸುವ ರೀತಿ. ಟೇಪು ಕಾನೂನಿನ ಕೊರಳಲ್ಲೇ ಇದೆ. ತೆಗೆದು ಹಿಡಿಯುವ ಕೆಲಸ ಬಾಕಿ.

ಹಿಡಿಯುವುದು ಹೇಗೆ? ಮೊದಲನೆಯದು, ಹೊಳೆಯನ್ನು ಅದರೊಂದಿಗೇ ಹೋಲಿಸಿ ನೋಡುವುದು. ಗಣಿಯ ಮೇಲ್ಗಡೆ, ಕಾಡು ಕೆಡದ ಕಡೆ ಒಂದು ಜಾಗ ಗುರುತಿಸಬೇಕು. ಕೆಳಗಡೆ ಇನ್ನೊಂದು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳು 2000ದಲ್ಲಿ ಹೊರತಂದ ಮಾರ್ಗಸೂಚಿ ಈ ದಾರಿ ಹಿಡಿಯಿತು. ಮೇಲಿನ ಶುದ್ಧ ಜಾಗದಲ್ಲಿ ಕನಿಷ್ಠ ಎರಡು ವರ್ಷ ತಿಂಗಳು ತಿಂಗಳೂ ನೀರು ಪರೀಕ್ಷಿಸಿ, ಹತ್ತರಲ್ಲಿ ಎಂಟು ಮಾದರಿಗಳು ಯಾವ ಅಂಕಿಯ ಒಳಗೆ ಬೀಳುತ್ತವೆ ಎಂದು ನೋಡುವುದು. ಕೆಳಗಿನ ಜಾಗದ ನಡುಮಟ್ಟದ ಅಂಕಿ ಅದನ್ನು ದಾಟಿದರೆ, ಏನೋ ಆಗಿದೆ, ಹೋಗಿ ವಿಚಾರಿಸಿ ಎಂದರ್ಥ. ಆದರೆ ನಮ್ಮ ಘಟ್ಟಕ್ಕೆ ತಿಂಗಳಿಗೊಂದು ಮಾದರಿ ಸಾಲದು. ಮಳೆಗಾಲಕ್ಕೆ ಬೇರೆ ಅಂಕಿ, ಬೇಸಗೆಗೆ ಬೇರೆ ಅಂಕಿ, ಜಡಿಮಳೆಯ ಗಂಟೆಗಳಿಗೆ ಪ್ರತ್ಯೇಕ ಲೆಕ್ಕ ಬೇಕು.

ಎರಡನೆಯದು, ನೀರಿನ ಗಡಸುತನ. ಇದನ್ನು ಅರಿಯಲು ಬನಶಂಕರಿಯ ಬಚ್ಚಲುಮನೆಯೇ ಸಾಕು. ಕಾವೇರಿ ನೀರು ಬಂದ ದಿನ ಸೋಪು ನೊರೆನೊರೆಯಾಗುತ್ತದೆ. ಕೊಳವೆಬಾವಿ ನೀರಿನ ದಿನ ಎಷ್ಟು ಉಜ್ಜಿದರೂ ನೊರೆ ಬಾರದು, ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಈ ಗಡಸು ನೀರನ್ನು ಬೈಯದ ಗೃಹಿಣಿಯಿಲ್ಲ. ಆದರೆ ಮೀನಿಗೆ ಇದೇ ಗಡಸುತನ ಒಂದು ರಕ್ಷೆ! ತಾಮ್ರದಂಥ ಲೋಹ ಮೀನನ್ನು ಕೊಲ್ಲುವುದು ಕಿವಿರಿಗೆ ಅಂಟಿಕೊಂಡು. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದೇ ಮೊದಲು ಹೋಗಿ ಜಾಗ ಹಿಡಿಯುತ್ತದೆ, ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ. ತಾಮ್ರ ನಿಂತೇ ಇಳಿದುಹೋಗಬೇಕಾಗುತ್ತದೆ. ಅಮೆರಿಕದಲ್ಲಿ ದಶಕಗಳ ಕಾಲ ಬಳಸಿದ ಸೂತ್ರದ ಪ್ರಕಾರ, ಗಡಸುತನ ಲೀಟರಿಗೆ 50 ಮಿಲಿಗ್ರಾಂ ಇರುವ ನೀರಿನಲ್ಲಿ ತಾಮ್ರದ ಅಲ್ಪಾವಧಿ ಮಿತಿ ಸುಮಾರು 7 ಮೈಕ್ರೋಗ್ರಾಂ. ಗಡಸುತನ 100 ಇದ್ದರೆ ಮಿತಿ ಸುಮಾರು 14. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿಯಿತ್ತು. ಬಯಲುಸೀಮೆಯ ಗಡಸು ನೀರಿಗೆ ಹೊಂದುವ ಅಂಕಿಯನ್ನು ಮಳೆನೀರಿನಷ್ಟೇ ಮೆದುವಾದ ಮಲೆನಾಡ ಹೊಳೆಗೆ ತೊಡಿಸಿದರೆ ಅಲ್ಲಿನ ಮೀನಿಗೆ ಅದು ಉಳಿಗಾಲವಲ್ಲ.

ಮೂರನೆಯದು, ಆ ಹೊಳೆಯಲ್ಲೇ ಬದುಕುವ ಜೀವಿಗಳನ್ನು ಕೇಳುವುದು. ಆಸ್ಟ್ರೇಲಿಯದ ಕಕಡು ಎಂಬಲ್ಲಿ, ರಾಷ್ಟ್ರೀಯ ಉದ್ಯಾನದ ನಡುವೆ ರೇಂಜರ್ ಎಂಬ ಯುರೇನಿಯಂ ಗಣಿಯಿತ್ತು. ಅದರ ಪಕ್ಕದ ಮಗೇಲಾ ಹೊಳೆಗೆ ಬೇರೆ ಎಲ್ಲಿಯದೋ ಅಂಕಿಯನ್ನು ತರಲಿಲ್ಲ. ಆ ಪ್ರದೇಶದ್ದೇ ಆದ ಪಾಚಿ, ಹೈಡ್ರಾ, ಬಸವನಹುಳು, ಮೀನುಗಳನ್ನು ಪ್ರಯೋಗಾಲಯದಲ್ಲಿ ಆ ಹೊಳೆಯ ನೀರಿನಲ್ಲೇ ಸಾಕಿ, ಎಷ್ಟು ಯುರೇನಿಯಂ ಇದ್ದರೆ ಅವುಗಳ ಬೆಳವಣಿಗೆ, ಸಂತಾನ ಕುಂಠಿತವಾಗುತ್ತದೆ ಎಂದು ನೋಡಿ ಮಿತಿ ಹಾಕಿದರು. ಹೊಸ ತಿಳಿವಳಿಕೆ ಬಂದಾಗ ಮಿತಿಯನ್ನು ಇನ್ನೂ ಬಿಗಿಮಾಡಿದರು. ಭದ್ರೆಯ ವಿಷಯದಲ್ಲಾದರೆ ಕೇಳಬೇಕಾದದ್ದು ಕಲ್ಲುಗಳ ಸಂದಿಯಲ್ಲಿರುವ ಹುಳುಮರಿಗಳನ್ನು, ಜಲ್ಲಿಯ ನಡುವೆ ಮೊಟ್ಟೆಯಿಡುವ ಮೀನುಗಳನ್ನು. ನುಣ್ಣನೆಯ ಹೂಳು ವಿಷವಲ್ಲ. ಆದರೆ ಅದು ಆ ಸಂದಿಗಳನ್ನು ಮೆತ್ತಿ ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ.

ಎಲ್ಲ ಕೇಳಿದ ಮೇಲೆ ಅಜ್ಜ ಒಂದು ಅನುಮಾನ ಎತ್ತಿದರು. "ಪುಟ್ಟಿ, ಒಂದೊಂದು ಹೊಳೆಗೆ ಒಂದೊಂದು ಅಳತೆ ಅಂದರೆ, ಬೇಕಾದವರಿಗೆ ಬೇಕಾದ ಹಾಗೆ ಸಡಿಲ ಮಾಡಿಕೊಳ್ಳಬಹುದಲ್ಲವಾ?"

ಅನುಮಾನ ಸರಿಯಾದದ್ದೇ. ಜಗತ್ತಿನಲ್ಲಿ ಈ ವಿಧಾನದ ಮೇಲಿರುವ ದೊಡ್ಡ ಆಕ್ಷೇಪವೂ ಇದೇ. ಗಣಿ ಶುರುವಾಗಿ ಹತ್ತು ವರ್ಷದ ಮೇಲೆ ಅಳೆದು, ಈ ಹೊಳೆ ಮೊದಲಿಂದಲೂ ಕೆಂಪೇ ಎಂದು ಬರೆದಿಟ್ಟರೆ ಆ ಕೆಂಪೇ ಮಾನದಂಡವಾಗಿಬಿಡುತ್ತದೆ. ಆದ್ದರಿಂದ ಅಳತೆ ಗುದ್ದಲಿ ಬೀಳುವ ಮೊದಲೇ ಆಗಬೇಕು. ಅಳೆಯುವವರು ಅಗೆಯುವವರ ಸಂಬಳದವರಾಗಿರಬಾರದು. ಅಂಕಿಗಳು ದಂಡೆಯ ಜನ ಓದುವ ಭಾಷೆಯಲ್ಲಿ ಪಂಚಾಯಿತಿಯ ಗೋಡೆಯ ಮೇಲಿರಬೇಕು. ಈ ಮೂರು ಇಲ್ಲದಿದ್ದರೆ ಎಲ್ಲರಿಗೂ ಒಂದೇ ಅಂಗಿಯೇ ವಾಸಿ.

ಇದು ಕಳೆದುಹೋದ ಕಾಲದ ಮಾತೂ ಅಲ್ಲ. ಕುದುರೆಮುಖದಲ್ಲಿ ಗಣಿ 2005ರ ಡಿಸೆಂಬರಿಗೆ ನಿಂತಿದೆ, ಆದರೆ ಲಕ್ಯಾದಲ್ಲಿ ನಿಲ್ಲಿಸಿದ ಕೆಸರು ಅಲ್ಲೇ ಇದೆ. ಗಣಿ ಮುಚ್ಚಿದಾಗ ಹೊಳೆಯನ್ನು ಅಳೆಯುವ ಕೆಲಸ ಮುಚ್ಚುವುದಿಲ್ಲ. ಇತ್ತ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆದು, ಮತ್ತೆ ಆರಂಭಿಸುವ ಮೊದಲು ಒಂದೊಂದು ಗಣಿಗೂ ಅದರದೇ ಆದ ಪುನಶ್ಚೇತನ ಯೋಜನೆ ಬೇಕೆಂದು ವಿಧಿಸಿತು. ಎಲ್ಲ ಗಣಿಗೂ ಒಂದೇ ಮದ್ದು ಸಾಲದೆಂದು ಅಲ್ಲಿ ಒಪ್ಪಿದಂತಾಯಿತು. ಆದರೆ ಸಂಡೂರಿನ ಹಳ್ಳಗಳು ಭದ್ರೆಯಂತಲ್ಲ. ಅಲ್ಲಿ ಮಳೆ ಕಡಿಮೆ, ಹಳ್ಳಗಳು ಮಳೆ ಬಂದಾಗ ಮಾತ್ರ ಮೈದುಂಬುತ್ತವೆ. ಹರಿಯದ ಹಳ್ಳದ ವಾರ್ಷಿಕ ಸರಾಸರಿಗೆ ಏನರ್ಥ? ಅಲ್ಲಿಗೆ ಇನ್ನೊಂದೇ ಟೇಪು ಬೇಕು.

ಪ್ರದರ್ಶನಕ್ಕೆ ಎರಡು ವಾರವಿತ್ತು. ಹುಡುಗಿಗೆ ಈಗ ಬೇಕಾದದ್ದು ಹೊಳೆಯ ದಂಡೆಯಲ್ಲಿ, ಜೋರು ಮಳೆಯಲ್ಲಿ, ಗಂಟೆಗೊಮ್ಮೆ ಹೋಗಿ ನೀರು ನೋಡಬಲ್ಲ ಒಬ್ಬ ಮನುಷ್ಯ. ಅಂಥವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಅಜ್ಜನನ್ನು ಕೇಳದೆ ಅವಳೇ ಫೋನು ಮಾಡಿದಳು.

"ಚಿಕ್ಕಜ್ಜ, ನನಗೊಂದು ಸಹಾಯ ಬೇಕು. ಭದ್ರಾ ವಿಷಯ."

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ, "ಹೇಳು ಮಗಾ" ಎಂದರು.

ಅವಳು ಕೇಳಿದ್ದು ಖರ್ಚಿಲ್ಲದ ಪರೀಕ್ಷೆ. ಒಂದು ಉದ್ದನೆಯ ಪಾರದರ್ಶಕ ಕೊಳವೆ ಅಥವಾ ಗಾಜಿನ ಜಾಡಿ. ಅದರ ತಳದ ಕೆಳಗೆ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಒಂದು ಗುಣಿಸು ಗುರುತು. ಹೊಳೆಯ ನೀರನ್ನು ಕಲಕಿ ನಿಧಾನವಾಗಿ ಸುರಿಯುತ್ತ ಮೇಲಿನಿಂದ ನೋಡಬೇಕು. ಗುರುತು ಮರೆಯಾದ ಕೂಡಲೇ ನಿಲ್ಲಿಸಿ, ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಬೇಕು. ಎತ್ತರ ಕಡಿಮೆಯಾದಷ್ಟೂ ಕದಡು ಹೆಚ್ಚು. ಮಳೆಗೆ ಮೊದಲು, ಮಳೆ ಹಿಡಿದಾಗ, ಮಳೆ ನಿಂತ ಮೇಲೆ, ಹೀಗೆ ಸಮಯ ಹಾಕಿ ಬರೆಯಬೇಕು. ಯಾವ ಊರಿನ ಮಕ್ಕಳೂ ತಮ್ಮ ಹಳ್ಳ, ಕೆರೆಗಳಲ್ಲಿ ಇದನ್ನು ಮಾಡಬಹುದು. ನೀರಿಗೆ ಇಳಿಯಬಾರದು, ದೊಡ್ಡವರು ಜೊತೆಗಿರಬೇಕು, ಹಗ್ಗ ಕಟ್ಟಿದ ಬಕೆಟ್ಟಿನಿಂದ ಸೇದಬೇಕು.

ಹತ್ತು ದಿನದ ಮೇಲೆ ಒಂದು ದಪ್ಪ ಲಕೋಟೆ ಬಂತು. ಒಳಗೆ ಹಳೆಯ ಕ್ಯಾಂಟೀನ್ ಲೆಕ್ಕದ ಪುಸ್ತಕದ ಹಾಳೆಗಳು. ಇಡ್ಲಿ, ಕಾಫಿಗೆಂದು ಗೆರೆ ಹೊಡೆದ ಕಾಲಮ್ಮುಗಳಲ್ಲಿ ತಾರೀಖು, ಗಂಟೆ, ಮಳೆ, ಸೆಂಟಿಮೀಟರ್. ಒಂದು ದಿನವೂ ತಪ್ಪಿಲ್ಲ. ಒಂದು ರಾತ್ರಿ ಮಳೆಯಲ್ಲಿ ಮೂರು ಸಲ ಎದ್ದು ಹೋಗಿದ್ದಾರೆ. ಕೊನೆಯ ಹಾಳೆಯ ಕೆಳಗೆ ಎರಡು ಸಾಲು ಬರೆದಿದ್ದರು. ಬೆಳಿಗ್ಗೆ ಎಂಟಕ್ಕೆ ತಿಳಿಯಾಗಿದ್ದ ನೀರು ಹನ್ನೊಂದಕ್ಕೆ ಬಣ್ಣ ತಿರುಗಿ ಸಂಜೆಗೆ ಮತ್ತೆ ತಿಳಿಯಾಯಿತು, ಬೆಳಿಗ್ಗೆ ಅಳೆದವನೂ ಸುಳ್ಳ ಅಲ್ಲ, ಹನ್ನೊಂದಕ್ಕೆ ನೋಡಿದವನೂ ಸುಳ್ಳ ಅಲ್ಲ ಎಂದು.

ಅಜ್ಜ ಆ ಹಾಳೆಯನ್ನು ಬಹಳ ಹೊತ್ತು ಹಿಡಿದು ಕೂತಿದ್ದರು. ಆಮೇಲೆ ಮೊಮ್ಮಗಳ ಕೈಯಿಂದ ಫೋನು ಹಚ್ಚಿಸಿದರು.

"ಏನೋ, ಮಳೇಲಿ ರಾತ್ರಿ ಎದ್ದು ಹೋಗಿದ್ದೀಯಂತೆ. ಈ ವಯಸ್ಸಲ್ಲಿ ಜಾರಿ ಬಿದ್ದರೆ?"

"ಜಾರಲ್ಲ ಅಣ್ಣಯ್ಯ. ನಾವು ಆಡಿದ ಮೆಟ್ಟಿಲೇ ಅಲ್ವಾ?"

ಅಜ್ಜ ಗಂಟಲು ಸರಿಮಾಡಿಕೊಂಡರು. "ಆವತ್ತು ನಾನು ಹೊಳೆಯ ಬಗ್ಗೆ ಅಷ್ಟು ಮಾತಾಡಿದೆ. ಕೆಲಸ ಹೋದರೆ ನಿನಗೆ ಹೇಗೆ ಅಂತ ಒಂದು ಮಾತು ಕೇಳಲಿಲ್ಲ. ಅದು ತಪ್ಪು" ಎಂದರು.

ಆ ಕಡೆಯಿಂದ ಉತ್ತರ ತಕ್ಷಣ ಬರಲಿಲ್ಲ. "ಇರಲಿ ಬಿಡು. ನೀರು ಯಾವ ಬಣ್ಣದಲ್ಲಿತ್ತು ಅಂತ ನನಗೂ ಗೊತ್ತಿತ್ತು" ಎಂದರು ಕೊನೆಗೆ. ಆಮೇಲೆ ಇಬ್ಬರೂ ಅಡಿಕೆಯ ಕೊಳೆರೋಗದ ಮಾತಿಗೆ ಹೊರಳಿದರು.

ಪ್ರದರ್ಶನದಲ್ಲಿ ಹುಡುಗಿಗೆ ಬಹುಮಾನ ಬರಲಿಲ್ಲ. ದೀಪ ಉರಿಯುವ, ಚಕ್ರ ತಿರುಗುವ ಮಾದರಿಗಳ ನಡುವೆ ಅವಳದು ಒಂದು ಜಾಡಿ, ಒಂದು ನಕ್ಷೆ, ಕೆಲವು ಕ್ಯಾಂಟೀನ್ ಹಾಳೆಗಳು. ನಿರ್ಣಾಯಕರಲ್ಲಿ ಒಬ್ಬರು ಜಾಡಿಯನ್ನು ಎತ್ತಿ ನೋಡಿ, "ಅಂತೂ ಭದ್ರಾ ನೀರು ಶುದ್ಧವೋ ಅಲ್ಲವೋ?" ಎಂದು ಕೇಳಿದರಂತೆ. ಅವಳು, "ಯಾವ ಗಂಟೆಯ ನೀರು, ಯಾವ ಜಾಗದ ನೀರು, ಯಾರಿಗೆ ಬೇಕಾದ ನೀರು, ಹೇಳಿ ಸಾರ್" ಎಂದಳಂತೆ.

ಚಿಕ್ಕಜ್ಜ ಅಳೆಯುವುದನ್ನು ಇನ್ನೂ ನಿಲ್ಲಿಸಿಲ್ಲ. ಹಳೆಯ ಹಾಳೆಗಳು ಮುಗಿದವೆಂದು ಹೇಳಿ ಕಳಿಸಿದ್ದಾರೆ. ಅಜ್ಜ ಜಯನಗರದ ಪುಸ್ತಕದಂಗಡಿಯಿಂದ ಗೆರೆ ಹೊಡೆದ ಎರಡು ದಪ್ಪ ನೋಟುಪುಸ್ತಕ ಕೊಂಡು, ಹಳೆಯ ಅಂಚೆಯವರ ಅಚ್ಚುಕಟ್ಟಿನಲ್ಲಿ ಕಟ್ಟಿ, ವಿಳಾಸ ಬರೆದು ಇಟ್ಟಿದ್ದಾರೆ.